ಜಾನಪದ ಗಣಕ ಭಂಡಾರದ ಬರಹಶುದ್ಧಿ: ಕೊಪ್ಪಳ ಸೀಮೆಯ ಪಠ್ಯಗಳ ಹಿನ್ನೆಲೆಯಲ್ಲಿ ಲಿಂಟರ್ ನಿಯಮಾವಳಿಯ ವಿವೇಚನೆ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿತ್ತು. ಕುಕನೂರು, ಕನಕಗಿರಿ, ಕಾರಟಗಿಗಳು ತಾಲ್ಲೂಕುಗಳಾದದ್ದು ಈಚಿನ ಬೆಳವಣಿಗೆ. ಬೀಸುವ ಪದ, ಸೋಬಾನ, ಡೊಳ್ಳಿನ ಹಾಡು, ಗೀಗೀ ಪದ, ಮೊಹರಂ ಪದ, ದೊಡ್ಡಾಟ, ತೊಗಲುಗೊಂಬೆಯಾಟ ಹೀಗೆ ಈ ಸೀಮೆಯ ಮೌಖಿಕ ಸಂಪತ್ತು ವಿಪುಲವಾದುದು. ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಾಗ ಈ ಸಂಪತ್ತಿನ ಒಂದು ಕವಲು ದೇಶದ ಗಮನಕ್ಕೆ ಬಂದಿತು. ಉಳಿದ ಕವಲುಗಳು ಬಹುಮಟ್ಟಿಗೆ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳಲ್ಲಿಯೂ ಧ್ವನಿಸುರುಳಿಗಳಲ್ಲಿಯೂ ಹಳೆಯ ಗಣಕಗಳ ಕಡತಗಳಲ್ಲಿಯೂ ಉಳಿದಿವೆ.

ಈ ಶತಮಾನದ ಮೊದಲ ದಶಕದಲ್ಲಿ ಡಾಕ್ಟರೇಟ್ ಪದವಿಗಾಗಿ ನಾನು ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಗ್ರಹಿಸಿದ ಹಾಡುಗಳನ್ನೂ ಆ ಬಳಿಕ ವಿದ್ಯಾರ್ಥಿಗಳು ಕೂಡಿಸಿದ ಸಾಮಗ್ರಿಯನ್ನೂ ಒಂದೆಡೆ ಹುಡುಕಲು ಅನುಕೂಲವಾಗುವಂತೆ ಗಣಕ ಭಂಡಾರವೊಂದನ್ನು ರೂಪಿಸುವ ಕೆಲಸ ಕೆಲವು ಕಾಲದಿಂದ ನಡೆದಿದೆ. ಇದರ ತಂತ್ರಾಂಶವನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಲಾಗುತ್ತಿದೆ. ಬರೆಯುವವರು ಜಾನಪದ ವಿದ್ಯಾರ್ಥಿಗಳೇ ಹೊರತು ತಂತ್ರಜ್ಞರಲ್ಲ. ಅವರ ಬರಹದ ದೋಷಗಳನ್ನು ಹಿಡಿದು ತೋರಿಸುವ ಲಿಂಟರ್ ಎಂಬ ಸಾಧನವನ್ನು ಹೇಗೆ ಅಳವಡಿಸಬೇಕು, ಅದರ ನಿಯಮಗಳನ್ನು ಯಾವ ವಿವೇಚನೆಯಿಂದ ಆರಿಸಬೇಕು ಎಂಬುದನ್ನು ಇಂಥ ಭಂಡಾರಗಳನ್ನು ಕಟ್ಟಹೊರಟ ಸಂಶೋಧಕರಿಗೂ ಗ್ರಂಥಾಲಯಗಳಿಗೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಸಂಪುಟದಲ್ಲಿ ಇಂಥ ವಿಷಯಕ್ಕೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ಸಹಜ. ಹಾಡಿದವಳ ಹೆಸರೇ ಅಳಿಸಿಹೋಗುವ ಪ್ರಸಂಗವೊಂದು ಈ ಸಾಧನದಿಂದಲೇ ಬಯಲಿಗೆ ಬಂದುದರಿಂದ ಆ ಸಂಕೋಚವನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಲಿಂಟ್ ಎಂಬ ಪದ ಮತ್ತು ಅದರ ಪರಂಪರೆ

ಬಟ್ಟೆಗೆ ಅಂಟಿಕೊಂಡು ಬರುವ ನೂಲಿನ ಜುಂಗಿಗೆ ಇಂಗ್ಲಿಷಿನಲ್ಲಿ ಲಿಂಟ್ ಎನ್ನುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸ್ಟೀಫನ್ ಜಾನ್ಸನ್ ಅವರು ಸಿ ಭಾಷೆಯ ಬರಹಗಳಲ್ಲಿನ ಶಂಕಾಸ್ಪದ ಸ್ಥಾನಗಳನ್ನು ಹೆಕ್ಕಿ ತೋರಿಸುವ ಸಾಧನವೊಂದನ್ನು 1978ರಲ್ಲಿ ರೂಪಿಸಿ ಅದಕ್ಕೆ ಈ ಹೆಸರನ್ನಿಟ್ಟರು. ಗಣಕಕ್ಕೆ ಅರ್ಥವಾಗುವ, ಆದರೆ ಬರೆದವರ ಉದ್ದೇಶಕ್ಕೆ ವಿರುದ್ಧವಾಗಿ ನಡೆಯಬಹುದಾದ ಬರಹವೇ ಇಲ್ಲಿ ಜುಂಗು. ಬಟ್ಟೆ ಹರಿದಿಲ್ಲ, ಆದರೆ ಉಡಲು ಯೋಗ್ಯವಾಗಿಲ್ಲ.

ಬ್ರೆಂಡನ್ ಐಕ್ ಅವರು 1995ರಲ್ಲಿ ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಗೆ ಇಂಥ ಸಾಧನದ ಅಗತ್ಯ ಹೆಚ್ಚು. ಏಕೆಂದರೆ ಅದು ಬಹಳ ಉದಾರವಾದ ಭಾಷೆ. ತಪ್ಪನ್ನು ಕಂಡರೂ ಸುಮ್ಮನಿದ್ದು ತನಗೆ ತೋಚಿದಂತೆ ಮುಂದುವರಿಯುವ ಸ್ವಭಾವ ಅದರದು. ಡಗ್ಲಸ್ ಕ್ರಾಕ್‌ಫರ್ಡ್ ಅವರ ಜೆಎಸ್‌ಲಿಂಟ್ 2002ರಲ್ಲಿ ಬಂದಿತು. ಅದು ಕರ್ತೃವಿನ ಅಭಿರುಚಿಯನ್ನೇ ನಿಯಮವಾಗಿ ಹೇರುತ್ತದೆಂಬ ಅಸಮಾಧಾನದಿಂದ 2011ರಲ್ಲಿ ಜೆಎಸ್‌ಹಿಂಟ್ ಹುಟ್ಟಿತು. 2013ರಲ್ಲಿ ನಿಕೋಲಸ್ ಝಾಕಸ್ ಅವರು ಆರಂಭಿಸಿದ ಇಎಸ್‌ಲಿಂಟ್ ಸಾಧನವು ಪ್ರತಿಯೊಂದು ನಿಯಮವನ್ನೂ ಬಿಡಿಬಿಡಿಯಾಗಿ ಇಟ್ಟು, ಯಾವುದನ್ನು ಪಾಲಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ತೀರ್ಮಾನವನ್ನು ಬಳಸುವ ಸಮುದಾಯಕ್ಕೇ ಒಪ್ಪಿಸಿತು. ಒಬ್ಬ ಪಂಡಿತನ ಶಾಸನ ಒಂದು ಊರಿನ ಕಟ್ಟಳೆಯಾಗಿ ಮಾರ್ಪಟ್ಟ ಕಥೆಯಂತೆ ಇದು ನನಗೆ ತೋರುತ್ತದೆ.

ದೋಷವಿವೇಚನೆಯೆಂಬುದು ಈ ನೆಲಕ್ಕೆ ಹೊಸದಲ್ಲ. ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನೆಲವನ್ನು ಗುರುತಿಸುವಾಗ ಹೆಸರಿಸುವ ಕೊಪಣವೇ ಇಂದಿನ ಕೊಪ್ಪಳ. ಆ ಗ್ರಂಥದ ಮೊದಲನೆಯ ಪರಿಚ್ಛೇದದ ವಸ್ತುವೇ ಕಾವ್ಯದ ದೋಷಾದೋಷಗಳ ನಿರ್ಣಯ. ಆದರೆ ಅದೇ ಗ್ರಂಥಕಾರನು ದೇಸಿಯು ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುವ ಕಾರಣ ಕನ್ನಡಗಳ ದೋಷವನ್ನು ಇಷ್ಟೆಂದು ಎಣಿಸಹೊರಟರೆ ವಾಸುಕಿಗೂ ದಣಿವಾದೀತೆಂಬ ಭಾವವನ್ನು ವ್ಯಕ್ತಪಡಿಸಿರುವುದು ಗಮನಾರ್ಹ. ಯಾವುದರ ಮೇಲೆ ನಿಯಮವನ್ನು ಹೂಡಬೇಕು, ಯಾವುದನ್ನು ನಿಯಮದ ಹೊರಗೆ ಬಿಡಬೇಕು ಎಂಬ ಈ ಎಚ್ಚರವೇ ನಮ್ಮ ಭಂಡಾರದ ನಿಯಮಾವಳಿಯ ಕೇಂದ್ರ ಪ್ರಶ್ನೆಯೂ ಹೌದು. ಲಿಂಟರ್ ಇರುವುದು ಕೋಡಿಗಾಗಿ. ಹಾಡುಗಾರ್ತಿಯ ಮಾತಿಗಾಗಿ ಅಲ್ಲ. ಇವೆರಡರ ನಡುವಿನ ಗಡಿಯನ್ನು ಎಳೆಯುವ ಸ್ಥಳವೇ ನಿಯಮಾವಳಿ ಕಡತ.

ಅಳವಡಿಕೆಯ ಕ್ರಮ

ಇಎಸ್‌ಲಿಂಟ್ ಕೆಲಸ ಮಾಡಲು ಗಣಕದಲ್ಲಿ ನೋಡ್ ಎಂಬ ತಂತ್ರಾಂಶ ಇರಬೇಕು. ಅದರೊಡನೆಯೇ ಬರುವ ಎನ್‌ಪಿಎಂ ಸಾಧನದ ಮೂಲಕ ಇಎಸ್‌ಲಿಂಟ್ ಅನ್ನು ಯೋಜನೆಯ ಫೋಲ್ಡರಿನೊಳಗೇ ಸ್ಥಾಪಿಸಿಕೊಳ್ಳುವುದು ಉಚಿತ. ಪ್ರತಿಯೊಬ್ಬರೂ ತಮ್ಮ ತಮ್ಮ ಗಣಕಕ್ಕೆ ಪ್ರತ್ಯೇಕವಾಗಿ ಹಾಕಿಕೊಂಡರೆ ಆವೃತ್ತಿಗಳು ಬೇರೆಯಾಗಿ, ಗಂಗಾವತಿಯಲ್ಲಿ ಒಪ್ಪಿದ್ದು ಕುಷ್ಟಗಿಯಲ್ಲಿ ತಪ್ಪಾಗುತ್ತದೆ. ನಮ್ಮಲ್ಲಿ ಹಾಗೆಯೇ ಆಗಿ ಇಬ್ಬರು ವಿದ್ಯಾರ್ಥಿಗಳ ನಡುವೆ ಒಂದು ವಾರ ಮನಸ್ತಾಪವೂ ನಡೆಯಿತು. ಆರಂಭದಲ್ಲಿ ಸಾಧನವು ಕೆಲವು ಪ್ರಶ್ನೆಗಳನ್ನು ಕೇಳುತ್ತದೆ: ಕೋಡನ್ನು ಯಾವ ಬಗೆಯ ಘಟಕಗಳಾಗಿ ವಿಂಗಡಿಸಲಾಗಿದೆ, ಬೇರೆ ಚೌಕಟ್ಟಿನ ಬಳಕೆ ಇದೆಯೇ, ಕೋಡು ಓಡುವುದು ಬ್ರೌಸರಿನಲ್ಲಿಯೋ ನೋಡ್‌ನಲ್ಲಿಯೋ ಎಂಬಿತ್ಯಾದಿ. ಉತ್ತರಗಳ ಆಧಾರದಿಂದ ಯೋಜನೆಯ ಮೂಲಸ್ಥಾನದಲ್ಲಿ ನಿಯಮಾವಳಿ ಕಡತವೊಂದು ಹುಟ್ಟುತ್ತದೆ.

ಈ ಕಡತದ ಸ್ವರೂಪ 2024ರಲ್ಲಿ ಬಿಡುಗಡೆಯಾದ ಒಂಬತ್ತನೆಯ ಆವೃತ್ತಿಯಿಂದ ಬದಲಾಗಿದೆ. ಹಿಂದೆ ಚುಕ್ಕಿಯಿಂದ ಆರಂಭವಾಗುವ ಹೆಸರಿನ ಕಡತಗಳು ಫೋಲ್ಡರುಗಳಲ್ಲೆಲ್ಲ ಹರಡಿಕೊಂಡು ಒಂದರ ಮೇಲೊಂದು ಪ್ರಭಾವ ಬೀರುತ್ತಿದ್ದವು. ಈಗ ಒಂದೇ ಕಡತ, ಅದರೊಳಗೆ ಅನುಕ್ರಮವಾಗಿ ಜೋಡಿಸಿದ ಕಂಡಿಕೆಗಳು. ಪ್ರತಿಯೊಂದು ಕಂಡಿಕೆಯೂ ತಾನು ಯಾವ ಕಡತಗಳಿಗೆ ಅನ್ವಯಿಸುತ್ತೇನೆ, ಯಾವುದನ್ನು ಬಿಡುತ್ತೇನೆ, ಯಾವ ನಿಯಮಗಳನ್ನು ಹೇಳುತ್ತೇನೆ ಎಂಬುದನ್ನು ತಿಳಿಸುತ್ತದೆ. ಮುಂದಿನ ಕಂಡಿಕೆಯು ಹಿಂದಿನದನ್ನು ಮೀರಬಲ್ಲದು. ಸಾಮಾನ್ಯ ಸೂತ್ರ ಮೊದಲು, ಅಪವಾದ ಸೂತ್ರ ಅನಂತರ ಎಂಬ ವ್ಯಾಕರಣ ಗ್ರಂಥಗಳ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಓದುವುದು ಕಷ್ಟವೇನಲ್ಲ. ಹಳೆಯ ಸ್ವರೂಪವನ್ನು ವಿವರಿಸುವ ಪುಸ್ತಕಗಳು ಇನ್ನೂ ಗ್ರಂಥಾಲಯಗಳಲ್ಲಿವೆಯಾದ್ದರಿಂದ ಓದುಗರು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ನಿಯಮಗಳಿಗೆ ಮೂರು ಹಂತಗಳಿವೆ: ನಿಷ್ಕ್ರಿಯ, ಎಚ್ಚರಿಕೆ ಮತ್ತು ದೋಷ. ಎಚ್ಚರಿಕೆಯು ಕೆಲಸವನ್ನು ತಡೆಯುವುದಿಲ್ಲ, ದೋಷವು ತಡೆಯುತ್ತದೆ. ಆರಂಭಿಕರು ಇಎಸ್‌ಲಿಂಟ್ ಬಳಗವೇ ಶಿಫಾರಸು ಮಾಡಿರುವ ನಿಯಮಗಳ ಗುಂಪನ್ನು ಮೊದಲ ಕಂಡಿಕೆಯಾಗಿ ಇಟ್ಟುಕೊಂಡು ಅದರ ಮೇಲೆ ತಮ್ಮ ಅಗತ್ಯಗಳನ್ನು ಸೇರಿಸುವುದು ಸೂಕ್ತ. ದೊಡ್ಡ ಬಳಗಗಳು ತಮ್ಮದೇ ಹಂಚಿಕೆಯ ನಿಯಮಾವಳಿಯನ್ನು ರೂಪಿಸಿಕೊಳ್ಳುವುದುಂಟು. ಕನ್ನಡ ವಿಕಿಪೀಡಿಯವನ್ನೂ ಒಳಗೊಂಡ ವಿಕಿಮೀಡಿಯ ಯೋಜನೆಗಳ ತಂತ್ರಾಂಶಕ್ಕೆ ಅಂಥದೊಂದು ಪ್ರತ್ಯೇಕ ನಿಯಮಾವಳಿ ಇದೆ. ಆ ಬಳಗದವರೇ ಜಾವಾಸ್ಕ್ರಿಪ್ಟಿನಲ್ಲಿ ರೂಪಿಸಿರುವ ಬೆರಳಚ್ಚು ಸಾಧನದಲ್ಲಿ ಕನ್ನಡ ಗಣಕ ಪರಿಷತ್ತಿನ ಕೀಲಿವಿನ್ಯಾಸವೂ ಸೇರಿದೆ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಮೊದಲ ಸಲ ಲಿಂಟರನ್ನು ಓಡಿಸಿದಾಗ ಬರುವ ದೂರುಗಳ ರಾಶಿಯನ್ನು ಕಂಡು ಧೈರ್ಯಗೆಡಬಾರದು. ಅವುಗಳಲ್ಲಿ ಬಹುಪಾಲು ಒಂದೇ ಕಾರಣದಿಂದ ಬಂದಿರುತ್ತವೆ. ಬ್ರೌಸರು ತಾನೇ ಒದಗಿಸುವ ಹೆಸರುಗಳು ಲಿಂಟರಿಗೆ ಗೊತ್ತಿರುವುದಿಲ್ಲ. ಈ ಕೋಡು ಬ್ರೌಸರಿನಲ್ಲಿ ಓಡತಕ್ಕದ್ದು ಎಂದು ನಿಯಮಾವಳಿಯಲ್ಲಿ ಘೋಷಿಸಿದೊಡನೆ ಅವು ಮಾಯವಾಗುತ್ತವೆ. ಹಾಡನ್ನು ಯಾವ ಸಂದರ್ಭದಲ್ಲಿ ಹಾಡಿದ್ದೆಂದು ಬರೆಯದೆ ಪಠ್ಯವನ್ನಷ್ಟೇ ಕೊಟ್ಟರೆ ಓದುಗನಿಗೆ ಆಗುವ ಗೊಂದಲವೇ ಅದಕ್ಕೂ ಆಗಿರುತ್ತದೆ.

ಬಳಕೆಯಾಗದ ಹೆಸರು

ಬ್ರೌಸರಿನ ದೂರುಗಳು ಅಡಗಿದ ಮೇಲೆ ಉಳಿದ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ‘ಹಾಡಿದವರು’ ಎಂಬ ಚಲಕಕ್ಕೆ ಬೆಲೆಯನ್ನು ಕೊಡಲಾಗಿದೆ, ಆದರೆ ಅದನ್ನು ಎಲ್ಲಿಯೂ ಬಳಸಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯು ಚಲಕಗಳಿಗೆ ಕನ್ನಡ ಹೆಸರುಗಳನ್ನು ಒಪ್ಪುವುದರಿಂದ ವಿದ್ಯಾರ್ಥಿಗಳು ಹಾಗೆಯೇ ಹೆಸರಿಟ್ಟಿದ್ದರು. ಶಿಫಾರಸಿನ ಗುಂಪಿನಲ್ಲಿರುವ ‘ನೋ-ಅನ್‌ಯೂಸ್ಡ್-ವಾರ್ಸ್’ ನಿಯಮ ಇದನ್ನು ಹಿಡಿದಿತ್ತು. ತಂತ್ರಜ್ಞರ ದೃಷ್ಟಿಯಲ್ಲಿ ಇದು ಅತಿ ಸಾಮಾನ್ಯ ದೂರು. ಬಳಸದ ಸಾಲನ್ನು ಅಳಿಸಿದರೆ ದೂರು ಅಡಗುತ್ತದೆ. ವಿದ್ಯಾರ್ಥಿಯೊಬ್ಬ ಅಳಿಸಲು ಹೊರಟೂ ಇದ್ದ.

ಆ ಸಾಲಿನ ಅರ್ಥವೇನೆಂದು ಕೂತು ವಿಚಾರಿಸಿದಾಗ ತಿಳಿದದ್ದು ಇಷ್ಟು. ಪ್ರತಿಯೊಂದು ಹಾಡಿನ ಕಾರ್ಡಿನಿಂದಲೂ ಹಾಡಿದವರ ಹೆಸರನ್ನು ಕೋಡು ಓದಿಕೊಳ್ಳುತ್ತಿತ್ತು. ಪುಟದಲ್ಲಿ ಹಾಡಿನ ಪಠ್ಯ, ಪ್ರಕಾರ, ಊರು, ಸಂಗ್ರಾಹಕರ ಹೆಸರು ಎಲ್ಲವೂ ಮೂಡುತ್ತಿದ್ದವು. ಹಾಡಿದವರ ಹೆಸರು ಮಾತ್ರ ಮೂಡುತ್ತಿರಲಿಲ್ಲ. ಪುಟದ ವಿನ್ಯಾಸವನ್ನು ಬದಲಿಸಿದಾಗ ಆ ಸಾಲು ಬಿಟ್ಟುಹೋಗಿತ್ತು. ಪುಟವು ಸುಂದರವಾಗಿಯೇ ಕಾಣುತ್ತಿದ್ದುದರಿಂದ ನನ್ನನ್ನೂ ಸೇರಿಸಿ ಯಾರಿಗೂ ಕೊರತೆ ಕಂಡಿರಲಿಲ್ಲ. ಸಂಗ್ರಾಹಕನ ಹೆಸರು ಇದ್ದುದರಿಂದ ನನಗೆ ಕಾಣದೆ ಹೋಯಿತೇ ಎಂಬ ಸಂಶಯ ಇಂದಿಗೂ ಇದೆ.

ಜಾನಪದ ಸಂಗ್ರಹಗಳಲ್ಲಿ ಹಾಡಿನ ಪಠ್ಯಕ್ಕೆ ದೊರೆತ ಪ್ರಾಧಾನ್ಯ ಹಾಡಿದವರಿಗೆ ದೊರೆಯಲಿಲ್ಲವೆಂಬ ಆಕ್ಷೇಪ ನಮ್ಮ ಶಾಸ್ತ್ರದಲ್ಲಿ ಹಳೆಯದು. ನನ್ನ ಕಾರ್ಡುಗಳಲ್ಲಿರುವ ಹೆಂಗಸರಲ್ಲಿ ಅನೇಕರು ಈಗಿಲ್ಲ. ಅವರನ್ನು ಮತ್ತೆ ಕೇಳುವಂತಿಲ್ಲ. ಹೆಸರು ಕಾರ್ಡಿನಲ್ಲಿ ಇದ್ದರೂ ಪುಟದಲ್ಲಿ ಇಲ್ಲದಿದ್ದರೆ ಮುಂದಿನ ಸಂಶೋಧಕನ ಪಾಲಿಗೆ ಅದು ಇಲ್ಲದಂತೆಯೇ. ಆದುದರಿಂದ ಈ ನಿಯಮವನ್ನು ನಾವು ದೋಷದ ಹಂತದಲ್ಲಿಯೇ ಉಳಿಸಿಕೊಂಡೆವು. ಕಾರ್ಡಿನಿಂದ ಓದಿದ ಯಾವ ಅಂಶವನ್ನೇ ಆಗಲಿ ಬಳಸದಿರುವುದು ಉದ್ದೇಶಪೂರ್ವಕವಾಗಿದ್ದರೆ ಕಾರಣವನ್ನು ಅಲ್ಲಿಯೇ ಟಿಪ್ಪಣಿಯಾಗಿ ಬರೆಯತಕ್ಕದ್ದೆಂಬ ಕಟ್ಟಳೆಯನ್ನೂ ಮಾಡಿಕೊಂಡೆವು. ಒಂದು ಸಾಲಿಗೆ ನಿಯಮದಿಂದ ವಿನಾಯಿತಿ ಕೊಡುವ ಟಿಪ್ಪಣಿಯಲ್ಲಿ ಎರಡು ಅಡ್ಡಗೆರೆಗಳ ಮುಂದೆ ಕಾರಣವನ್ನು ಬರೆಯಲು ಇಎಸ್‌ಲಿಂಟ್ ಅವಕಾಶವಿತ್ತಿದೆ. ಹೆಸರನ್ನು ಪ್ರಕಟಿಸಬಾರದೆಂದು ಹಾಡಿದವರೇ ಕೇಳಿಕೊಂಡ ಕೆಲವು ಸಂದರ್ಭಗಳಲ್ಲಿ ಈ ಅವಕಾಶ ಉಪಯೋಗಕ್ಕೆ ಬಂದಿದೆ.

ವಯಸ್ಸಿನ ವಿಷಯದಲ್ಲಿಯೂ ಇಂಥದೇ ತೊಡಕು. ಹಳ್ಳಿಯ ಮುದುಕಿಯರು ವಯಸ್ಸನ್ನು ವರ್ಷಗಳಲ್ಲಿ ಹೇಳುವುದಿಲ್ಲ. ಬರ ಬಿದ್ದ ಕಾಲ, ಡ್ಯಾಮು ಕಟ್ಟಿದ ಕಾಲ ಎಂದು ಹೇಳುತ್ತಾರೆ. ಆದುದರಿಂದ ಆ ಖಾನೆ ಎಷ್ಟೋ ಕಾರ್ಡುಗಳಲ್ಲಿ ಖಾಲಿ. ಜಾವಾಸ್ಕ್ರಿಪ್ಟಿನಲ್ಲಿ ಎರಡು ಸಮಚಿಹ್ನೆಗಳಿಂದ ಹೋಲಿಸಿದರೆ ಖಾಲಿ ಪಠ್ಯವೂ ಸೊನ್ನೆಯೂ ಒಂದೇ ಎಂದಾಗುತ್ತದೆ. ತಿಳಿಯದ ವಯಸ್ಸು ಸೊನ್ನೆ ವಯಸ್ಸಾಗುತ್ತದೆ. ಮೂರು ಸಮಚಿಹ್ನೆಗಳಿಂದ ಹೋಲಿಸಿದರೆ ಈ ಅನರ್ಥ ಇಲ್ಲ. ‘ಎಕ್-ಎಕ್-ಎಕ್’ ಎಂದು ವಿದ್ಯಾರ್ಥಿಗಳು ತಮಾಷೆ ಮಾಡುವ ‘ಇಕ್ಯೂಇಕ್ಯೂಇಕ್ಯೂ’ ನಿಯಮವು ಇದನ್ನು ಕಡ್ಡಾಯಗೊಳಿಸುತ್ತದೆ. ಇದು ಶಿಫಾರಸಿನ ಗುಂಪಿನಲ್ಲಿ ಇಲ್ಲ, ನಾವೇ ಸೇರಿಸಿಕೊಳ್ಳಬೇಕು. ವರ್ಷವನ್ನು ಕನ್ನಡ ಅಂಕಿಗಳಲ್ಲಿ ‘೧೯೯೭’ ಎಂದು ಬರೆದ ಕಾರ್ಡುಗಳ ಕಥೆ ಬೇರೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಗುರುತಿಸದೆ ‘ನ್ಯಾನ್’ ಎಂಬ, ಸಂಖ್ಯೆಯಲ್ಲದ ಬೆಲೆಯನ್ನು ಕೊಡುತ್ತದೆ. ಈ ಬೆಲೆ ತನಗೆ ತಾನೇ ಸಮವಲ್ಲ. ಹಾಗಾಗಿ ‘ನ್ಯಾನ್‌ಗೆ ಸಮವೇ’ ಎಂದು ಪರೀಕ್ಷಿಸಿದರೆ ಉತ್ತರ ಯಾವಾಗಲೂ ಇಲ್ಲ. ‘ಯೂಸ್-ಈಸ್‌ನ್ಯಾನ್’ ನಿಯಮ ಅಂಥ ಪರೀಕ್ಷೆಯನ್ನು ದೋಷವೆಂದು ತೋರಿಸುತ್ತದೆ.

ಕಣ್ಣಿಗೆ ಒಂದು, ಗಣಕಕ್ಕೆ ಎರಡು

ಕನ್ನಡ ಲಿಪಿಯನ್ನು ಕುರಿತ ತೊಡಕುಗಳೇ ನಮಗೆ ಅತ್ಯಂತ ಕಠಿನವಾದವು. ಹಿಂದೆ ನುಡಿ ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಿಸಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಲಾಗಿತ್ತು. ಹಳೆಯ ವಿನ್ಯಾಸದಲ್ಲಿ ‘ಕೊ’ ಎಂಬ ಅಕ್ಷರವು ಕಕಾರದ ಆಕೃತಿ, ಎತ್ವದ ಆಕೃತಿ, ಕೊಂಬಿನ ದೀರ್ಘದ ಆಕೃತಿ ಎಂಬ ಮೂರು ತುಂಡುಗಳಾಗಿ ಕೂಡಿರುತ್ತದೆ. ಯೂನಿಕೋಡಿನಲ್ಲಿ ಒತ್ವಕ್ಕೆ ಒಂದೇ ಸಂಕೇತವಿದೆ. ಆದರೆ ಎತ್ವ ಮತ್ತು ಕೊಂಬಿನ ದೀರ್ಘಗಳನ್ನು ಒಂದರ ಮುಂದೊಂದು ಇಟ್ಟರೂ ತೆರೆಯ ಮೇಲೆ ಅದೇ ‘ಕೊ’ ಕಾಣುತ್ತದೆ. ಪರಿವರ್ತಕವು ಎಚ್ಚರ ತಪ್ಪಿದ ಕಡೆಗಳಲ್ಲಿ ಈ ಎರಡು ತುಂಡಿನ ರೂಪ ಉಳಿದುಬಿಟ್ಟಿತ್ತು. ಪರಿಣಾಮವಾಗಿ ‘ಕೊಪ್ಪಳ’ ಎಂಬ ಹೆಸರು ಕೆಲವು ಕಾರ್ಡುಗಳಲ್ಲಿ ಆರು ಸಂಕೇತಗಳದಾಗಿಯೂ ಕೆಲವು ಕಾರ್ಡುಗಳಲ್ಲಿ ಏಳು ಸಂಕೇತಗಳದಾಗಿಯೂ ಇತ್ತು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಎರಡು ಬೇರೆ ಊರುಗಳು. ಕೊಪ್ಪಳವೆಂದು ಹುಡುಕಿದವರಿಗೆ ಕೊಪ್ಪಳದ ಹಾಡುಗಳಲ್ಲಿ ಒಂದು ಭಾಗ ಸಿಗುತ್ತಲೇ ಇರಲಿಲ್ಲ.

ಈ ದೋಷ ಬೆಳಕಿಗೆ ಬಂದ ಬಗೆ ವಿನೋದಕರವಾಗಿದೆ. ವಿದ್ಯಾರ್ಥಿಯೊಬ್ಬ ಹಳೆಯ ಕಡತದಿಂದ ‘ಕೊಪ್ಪಳ’ ಎಂಬ ಪದವನ್ನು ನಕಲಿಸಿ ಚಲಕಕ್ಕೆ ಹೆಸರಾಗಿ ಇಟ್ಟಿದ್ದ. ಮುಂದಿನ ಸಾಲುಗಳಲ್ಲಿ ಕೀಲಿಮಣೆಯಿಂದ ನೇರವಾಗಿ ಬೆರಳಚ್ಚಿಸಿದ. ‘ನೋ-ಅನ್‌ಡೆಫ್’ ನಿಯಮವು ‘ಕೊಪ್ಪಳ’ ಎಂಬುದನ್ನು ಎಲ್ಲಿಯೂ ಘೋಷಿಸಿಲ್ಲವೆಂದು ದೂರಿತು. ಮೇಲಿನ ಸಾಲಿನಲ್ಲೇ ಕಣ್ಣೆದುರಿಗೆ ಕೊಪ್ಪಳವಿದೆ, ಲಿಂಟರು ಇಲ್ಲವೆನ್ನುತ್ತಿದೆ. ಸಾಧನವೇ ಕೆಟ್ಟಿದೆಯೆಂದು ಎಲ್ಲರೂ ಭಾವಿಸಿದ್ದರು. ಸಂಕೇತಗಳನ್ನು ಎಣಿಸಿದಾಗ ಸತ್ಯ ತಿಳಿಯಿತು.

ಪರಿಹಾರವನ್ನು ಎರಡು ನೆಲೆಗಳಲ್ಲಿ ಮಾಡಬೇಕಾಯಿತು. ಹುಡುಕುವ ಕೋಡಿನಲ್ಲಿ ಜಾವಾಸ್ಕ್ರಿಪ್ಟ್ 2015ರಿಂದ ಒದಗಿಸಿರುವ ‘ನಾರ್ಮಲೈಸ್’ ಕ್ರಿಯೆಯನ್ನು ಬಳಸಿ ಹುಡುಕುವ ಪದವನ್ನೂ ಕಾರ್ಡಿನ ಪದವನ್ನೂ ಕೂಡಿದ ರೂಪಕ್ಕೆ ತಂದು ಹೋಲಿಸಲಾಯಿತು. ಕೋಡಿನೊಳಗಿನ ಸ್ಥಿರ ಪದಗಳಿಗಾಗಿ ‘ನೋ-ರೆಸ್ಟ್ರಿಕ್ಟೆಡ್-ಸಿಂಟ್ಯಾಕ್ಸ್’ ನಿಯಮವನ್ನು ಉಪಯೋಗಿಸಿದೆವು. ಯೋಜನೆಗೆ ಬೇಡವಾದ ಯಾವುದೇ ಬರಹಮಾದರಿಯನ್ನು ನಾವೇ ವರ್ಣಿಸಿ ನಿಷೇಧಿಸಲು ಈ ನಿಯಮ ಅನುವು ಮಾಡಿಕೊಡುತ್ತದೆ. ಎತ್ವದ ಬೆನ್ನಿಗೆ ಕೊಂಬಿನ ದೀರ್ಘ ಬಂದಿದ್ದರೆ ದೋಷವೆಂದು ತೋರಿಸಬೇಕೆಂದೂ, ತೋರಿಸುವ ಸಂದೇಶ ಕನ್ನಡದಲ್ಲಿಯೇ ಇರಬೇಕೆಂದೂ ಬರೆದೆವು. ಸಂದೇಶವನ್ನು ನಮ್ಮ ಮಾತಿನಲ್ಲಿ ಬರೆಯಬಹುದಾದ ಸೌಲಭ್ಯ ಚಿಕ್ಕದಾದರೂ ವಿದ್ಯಾರ್ಥಿಗಳ ಅಂಜಿಕೆಯನ್ನು ಬಹಳವಾಗಿ ತಗ್ಗಿಸಿದೆ.

ಊರ ಹೆಸರುಗಳ ಪಟ್ಟಿಯಲ್ಲಿ ‘ನೋ-ಡ್ಯೂಪ್-ಕೀಸ್’ ನಿಯಮ ನೆರವಾಯಿತು. ಹೊಸಹಳ್ಳಿ, ಬಸಾಪುರ ಮುಂತಾದ ಹೆಸರುಗಳು ನಾಡಿನಲ್ಲಿ ಹತ್ತಾರು ಕಡೆ ಇರತಕ್ಕವು. ಊರ ಹೆಸರನ್ನೇ ಕೀಲಿಯಾಗಿಸಿ ಪಟ್ಟಿಮಾಡಿದರೆ ಎರಡನೆಯ ಸಲ ಬಂದ ಹೆಸರು ಮೊದಲನೆಯದನ್ನು ಸದ್ದಿಲ್ಲದೆ ನುಂಗುತ್ತದೆ. ತಾಲ್ಲೂಕಿನ ಹೆಸರನ್ನೂ ಸೇರಿಸಿ ಕೀಲಿ ರಚಿಸುವುದು ಉಚಿತ. ಯಲಬುರ್ಗಾ, ಯಲಬುರ್ಗ, ಎಲಬುರ್ಗಾ. ಕಿನ್ನಾಳ, ಕಿನ್ಹಾಳ ಎಂಬಂಥ ರೂಪಭೇದಗಳನ್ನು ಸೂಚಿಯಲ್ಲಿ ಒಂದು ಪ್ರಮಾಣರೂಪಕ್ಕೆ ಜೋಡಿಸಬೇಕು. ಹಾಡಿನ ಪಠ್ಯದೊಳಗೆ ಬಂದದ್ದನ್ನು ಮುಟ್ಟಬಾರದು.

ಪಠ್ಯವನ್ನು ಮುಟ್ಟಿದರೆ ಆಗುವ ಹಾನಿಗೆ ಎರಡು ನಿದರ್ಶನಗಳನ್ನು ಕೊಡಬೇಕು. ಸೋಬಾನ ಪದಗಳಲ್ಲಿ ಸಾಲಿನ ಕೊನೆಗೆ ಬರುವ ‘ಸೋ’ ಎಂಬ ಸೊಲ್ಲನ್ನು ಹುಡುಕಾಟದ ಸೂಚಿಯಿಂದ ಬಿಡಬೇಕೆಂದು ವಿದ್ಯಾರ್ಥಿಯೊಬ್ಬ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಮಾದರಿಸೂತ್ರವನ್ನು ಬರೆದ. ಚೌಕ ಆವರಣದೊಳಗೆ ‘ಸೋ’ ಎಂದು ಇಟ್ಟ. ಚೌಕ ಆವರಣದ ಅರ್ಥ ‘ಇದರಲ್ಲಿನ ಯಾವುದಾದರೊಂದು ಸಂಕೇತ’ ಎಂದು. ಗಣಕಕ್ಕೆ ‘ಸೋ’ ಎಂಬುದು ಸಕಾರ ಮತ್ತು ಓತ್ವ ಎಂಬ ಎರಡು ಸಂಕೇತಗಳು. ಆದುದರಿಂದ ಎಲ್ಲ ಸಕಾರಗಳೂ ಎಲ್ಲ ಓತ್ವಗಳೂ ಅಳಿದುಹೋದವು. ‘ಬಸವ’ ‘ಬವ’ನಾದ, ‘ಹೋದಾಳ’ ಎಂಬುದು ‘ಹದಾಳ’ವಾಯಿತು, ‘ಸೋಬಾನ’ದಲ್ಲಿ ‘ಬಾನ’ ಉಳಿಯಿತು. ಮೂಲ ಪ್ರತಿ ಬೇರೆ ಕಡೆ ಇದ್ದುದರಿಂದ ಪಠ್ಯ ಉಳಿಯಿತು. ಆಗ ಲಿಂಟರನ್ನು ಅಳವಡಿಸಿರಲಿಲ್ಲ. ‘ನೋ-ಮಿಸ್‌ಲೀಡಿಂಗ್-ಕ್ಯಾರೆಕ್ಟರ್-ಕ್ಲಾಸ್’ ಎಂಬ ನಿಯಮ ಇಂಥ ಆವರಣಗಳನ್ನೇ ಹಿಡಿಯತಕ್ಕದ್ದು. ಅದು ಸ್ವರಚಿಹ್ನೆಗಳನ್ನು ಸಂಯೋಜಕ ಸಂಕೇತಗಳೆಂದು ಗುರುತಿಸುವುದರಿಂದ ಕನ್ನಡದ ಗುಣಿತಾಕ್ಷರಗಳಿಗೂ ಸಂಪೂರ್ಣವಾಗಿ ಅನ್ವಯಿಸುತ್ತದೆ. ಕನ್ನಡ ಪಠ್ಯವನ್ನು ನಿರ್ವಹಿಸುವ ಯಾವ ಯೋಜನೆಯೂ ಈ ನಿಯಮವನ್ನು ನಿಷ್ಕ್ರಿಯಗೊಳಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮಾದರಿಸೂತ್ರಗಳಲ್ಲಿ ಇನ್ನೊಂದು ಗುಂಡಿಯಿದೆ. ಪದದ ಅಕ್ಷರಗಳನ್ನು ಸೂಚಿಸುವ ‘ಡಬ್ಲ್ಯೂ’ ಸಂಕೇತದಲ್ಲಿ ರೋಮನ್ ಅಕ್ಷರಗಳು, ಅಂಕಿಗಳು ಮತ್ತು ಅಡಿಗೆರೆ ಮಾತ್ರ ಸೇರಿವೆ. ಪದವಲ್ಲದ್ದನ್ನೆಲ್ಲ ತೆಗೆ ಎಂದು ಅದರ ಮೂಲಕ ಹೇಳಿದರೆ ಕನ್ನಡವೆಲ್ಲವೂ ಹೋಗುತ್ತದೆ. ಶಿಫಾರಸಿನ ನಿಯಮಗಳು ಇದನ್ನು ಹಿಡಿಯುವುದಿಲ್ಲ. ನಿಷೇಧಿತ ಮಾದರಿಗಳ ಪಟ್ಟಿಗೆ ನಾವೇ ಸೇರಿಸಿದ್ದೇವೆ.

ಎರಡನೆಯ ನಿದರ್ಶನದಲ್ಲಿ ಲಿಂಟರೇ ನೆಪವಾಯ್ತು. ಹಾಡಿನ ಸಾಲುಗಳು ಒಡೆಯದಂತೆ ಇರಲೆಂದು ಪಠ್ಯವನ್ನು ಜಾವಾಸ್ಕ್ರಿಪ್ಟ್ ಕಡತದೊಳಗೇ ಟೆಂಪ್ಲೇಟ್ ರೂಪದಲ್ಲಿ ಇಡಲಾಗಿತ್ತು. ವರ್ಡ್ ಕಡತದಿಂದ ಅಂಟಿಸುವಾಗ ಬಂದ ಅಸಹಜ ಖಾಲಿ ಜಾಗಗಳನ್ನು ‘ನೋ-ಇರ್ರೆಗ್ಯುಲರ್-ವೈಟ್‌ಸ್ಪೇಸ್’ ನಿಯಮ ದೂರಿತು. ಸಾಮಾನ್ಯ ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಈ ನಿಯಮ ತಾನಾಗಿಯೇ ಬಿಡುತ್ತದೆ, ಟೆಂಪ್ಲೇಟಿನೊಳಗಿನದನ್ನು ಬಿಡುವುದಿಲ್ಲ. ದೂರನ್ನು ಅಡಗಿಸಲು ಅದೃಶ್ಯ ಸಂಕೇತಗಳ ಇಡೀ ಸಾಲನ್ನೇ ಹುಡುಕಿ ಅಳಿಸಲಾಯಿತು. ಅದರೊಡನೆ ಶೂನ್ಯವಿಸ್ತಾರದ ಸಂಯೋಜಕ, ವಿಯೋಜಕ ಸಂಕೇತಗಳೂ ಹೋದವು. ಇವೆರಡನ್ನು ಆ ನಿಯಮ ದೂರಿರಲೇ ಇಲ್ಲ. ಮೊಹರಂ ಪದಗಳಲ್ಲಿ ‘ಹಸನ್‌ಹುಸೇನ’ ಎಂದು ಬಿಡಿಸಿ ಬರೆದದ್ದು ನಕಾರದ ಅಡಿಗೆ ಹಕಾರದ ಒತ್ತು ಬಿದ್ದು ‘ಹಸನ್ಹುಸೇನ’ವಾಯಿತು. ಓದುವವರಿಗೆ ಇದೊಂದು ಅಚ್ಚಿನ ತಪ್ಪು. ಹಾಡುಗಾರನು ಆ ಎರಡು ಹೆಸರುಗಳ ನಡುವೆ ಕೊಟ್ಟ ನಿಲುಗಡೆಯನ್ನು ಗುರುತಿಸಿ ಬರೆದವರಿಗೆ ಇದು ಪಠ್ಯನಾಶ.

ಈ ಘಟನೆಯ ಬಳಿಕ ಪಠ್ಯವೆಲ್ಲವನ್ನೂ ಕೋಡಿನಿಂದ ಬೇರ್ಪಡಿಸಿ ‘ಪಠ್ಯ’ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ ಜೇಸನ್ ಕಡತಗಳಾಗಿ ಇರಿಸಿದೆವು. ನಿಯಮಾವಳಿಯ ಮೊದಲ ಕಂಡಿಕೆಯಲ್ಲಿ ಆ ಫೋಲ್ಡರನ್ನು ಪರೀಕ್ಷೆಯಿಂದ ಹೊರಗಿಡಬೇಕೆಂದು ಬರೆದೆವು. ಒಂದು ಕಂಡಿಕೆಯಲ್ಲಿ ‘ಇಗ್ನೋರ್ಸ್’ ಎಂಬ ಅಂಶ ಮಾತ್ರವೇ ಇದ್ದು ಬೇರೇನೂ ಇರದಿದ್ದರೆ ಅದು ಇಡೀ ಯೋಜನೆಗೆ ಅನ್ವಯಿಸುತ್ತದೆ. ಬೇರೆ ಅಂಶಗಳೊಡನೆ ಬೆರೆತರೆ ಆ ಕಂಡಿಕೆಗಷ್ಟೇ ಸೀಮಿತವಾಗುತ್ತದೆ. ಈ ಸೂಕ್ಷ್ಮವನ್ನು ತಿಳಿಯದೆ ನಾವು ಒಂದು ದಿನ ಕಳೆದೆವು. ಸಾಲುಗಳ ಅಂದವನ್ನು ಸರಿಪಡಿಸುವ ಕೆಲಸ ಈಗ ಲಿಂಟರಿನದಲ್ಲ. 2023ರಲ್ಲಿ ಇಎಸ್‌ಲಿಂಟ್ ಬಳಗವು ಅಂಥ ನಿಯಮಗಳನ್ನು ತನ್ನ ಮೂಲದಿಂದ ಬೇರ್ಪಡಿಸುವುದಾಗಿ ತಿಳಿಸಿತು. ಅದಕ್ಕೆ ಪ್ರೆಟಿಯರ್ ಮುಂತಾದ ಸಾಧನಗಳಿವೆ. ಅವಕ್ಕೂ ಪಠ್ಯದ ಫೋಲ್ಡರನ್ನು ಬಿಡಬೇಕೆಂದು ಪ್ರತ್ಯೇಕ ಕಡತದಲ್ಲಿ ತಿಳಿಸಬೇಕು. ಕಾಗುಣಿತ ಪರೀಕ್ಷಕ ಪೂರಕಗಳನ್ನಂತೂ ನಾವು ಸೇರಿಸಿಕೊಂಡೇ ಇಲ್ಲ. ‘ಐತಿ’, ‘ಹಾಂಗ’, ‘ಬಂದಾಳ’ ಎಂಬ ಈ ಸೀಮೆಯ ರೂಪಗಳನ್ನು ತಪ್ಪೆಂದು ಕೆಂಪುಗೆರೆ ಎಳೆದು ತೋರಿಸುವ ಸಾಧನದ ಎದುರು ಕುಳಿತ ಹಳ್ಳಿಯ ವಿದ್ಯಾರ್ಥಿ ಎಷ್ಟು ದಿನ ತನ್ನ ಅಜ್ಜಿಯ ಮಾತನ್ನು ತಿದ್ದದೆ ಇದ್ದಾನು?

ತಾನೇ ತಿದ್ದುವ ‘ಫಿಕ್ಸ್’ ಆಜ್ಞೆಯನ್ನು ಬಳಸುವ ಮುನ್ನ ಕಡತಗಳ ಪ್ರತಿ ಇಟ್ಟುಕೊಳ್ಳುವುದು, ಒಪ್ಪಿಸುವ ಮುನ್ನ ಎಚ್ಚರಿಕೆಗಳ ಮಿತಿಯನ್ನು ಸೊನ್ನೆಗೆ ಇಡುವುದು, ಆವೃತ್ತಿಗಳನ್ನು ದಾಖಲಿಸುವ ಬೀಗ ಕಡತವನ್ನು ಅಳಿಸದಿರುವುದು ಇವೆಲ್ಲ ಯಾವ ಯೋಜನೆಗೂ ಸಾಮಾನ್ಯವಾದ ಶಿಸ್ತುಗಳು.

ಒಂದು ನಿಯಮವನ್ನು ಮಾತ್ರ ನಾವು ಇನ್ನೂ ಎಚ್ಚರಿಕೆಯ ಹಂತದಲ್ಲಿಯೇ ಇರಿಸಿದ್ದೇವೆ. ಜಾವಾಸ್ಕ್ರಿಪ್ಟಿನ ‘ಸಾರ್ಟ್’ ಕ್ರಿಯೆಗೆ ಹೋಲಿಕೆಯ ಕ್ರಮವನ್ನು ಕೊಡದಿದ್ದರೆ ಅದು ಸಂಕೇತಗಳ ಅನುಕ್ರಮದಂತೆ ಜೋಡಿಸುತ್ತದೆ. ಯೂನಿಕೋಡಿನಲ್ಲಿ ಳಕಾರವು ಲಕಾರದ ಬೆನ್ನಿಗೇ ಇದೆ. ನಮ್ಮ ವರ್ಣಮಾಲೆಯಲ್ಲಿಯೂ ನಿಘಂಟುಗಳಲ್ಲಿಯೂ ಅದರ ಸ್ಥಾನ ಹಕಾರದ ಅನಂತರ. ಹೀಗಾಗಿ ಸೂಚಿಯಲ್ಲಿ ‘ಮಳೆ’ಯ ಪದಗಳು ‘ಮಹಾದೇವ’ನಿಗಿಂತ ಮೊದಲು ಬಂದು ನಿಲ್ಲುತ್ತವೆ. ಹೋಲಿಕೆಯ ಕ್ರಮವಿಲ್ಲದ ಸಾರ್ಟ್ ಕ್ರಿಯೆಯನ್ನು ನಿಷೇಧಿಸುವ ಮಾದರಿಯನ್ನು ಬರೆದು, ಳಕಾರವನ್ನು ಕೊನೆಗೆ ತರುವ ಸ್ವಂತ ಕ್ರಮವನ್ನೂ ಸಿದ್ಧಪಡಿಸಿದ್ದೇವೆ. ಆದರೆ ಗಣಕದಲ್ಲಿಯೇ ಅಕ್ಷರ ಕಲಿತ ಕಿರಿಯ ಓದುಗರು ಲಕಾರದ ಪಕ್ಕದಲ್ಲೇ ಳಕಾರವನ್ನು ಹುಡುಕುತ್ತಾರೆಂದು ವಿದ್ಯಾರ್ಥಿಗಳ ವಾದ. ಕೊಪ್ಪಳ, ಕಿನ್ನಾಳ, ಮೊರನಾಳಗಳೆಲ್ಲ ಳಕಾರಾಂತವಾದ ಈ ಸೀಮೆಯಲ್ಲಿ ಆ ಅಕ್ಷರವನ್ನು ಎಲ್ಲಿ ಕೂರಿಸಬೇಕೆಂಬ ಚರ್ಚೆ ಮುಂದಿನ ಸಭೆಗೆ ಉಳಿದಿದೆ.